ಕೈಗವಸು ತೊಟ್ಟು ಕಾದವರು

ಕೇಳುಗರೆಲ್ಲರಿಗೂ ನಮಸ್ಕಾರ.

1982ರ ಮೇ 26, ರಾತ್ರಿ. ನೆದರ್‌ಲ್ಯಾಂಡ್ಸ್ ದೇಶದ ರಾಟರ್‌ಡ್ಯಾಮ್ ನಗರ. ಯುರೋಪಿಯನ್ ಕಪ್ ಫುಟ್‌ಬಾಲಿನ ಫೈನಲ್. ಒಂದು ಕಡೆ ಜರ್ಮನಿಯ ಬಯರ್ನ್ ಮ್ಯೂನಿಕ್, ಇನ್ನೊಂದು ಕಡೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಬಂದ ಆಸ್ಟನ್ ವಿಲ್ಲಾ. ಆಟ ಶುರುವಾಗಿ ಇನ್ನೂ ಒಂಬತ್ತು ನಿಮಿಷ. ವಿಲ್ಲಾದ ಗೋಲ್‌ಕೀಪರ್ ಜಿಮ್ಮಿ ರಿಮ್ಮರ್ ಬೆಂಚಿನ ಕಡೆ ಕೈ ತೋರಿಸುತ್ತಾರೆ. ಕತ್ತಿನ ನೋವು, ತಡೆಯಲಾಗುತ್ತಿಲ್ಲ. ಬೆಂಚಿನಲ್ಲಿ ಕೂತಿದ್ದ 23 ವರ್ಷದ ಹುಡುಗನೊಬ್ಬ ಮೇಲಂಗಿ ಕಳಚಿ ಎದ್ದು ನಿಲ್ಲುತ್ತಾನೆ. ಹೆಸರು ನೈಜೆಲ್ ಸ್ಪಿಂಕ್, ವಿಲ್ಲಾದ ಎರಡನೇ ಗೋಲ್‌ಕೀಪರ್.

ಸ್ಪಿಂಕ್ ವಿಲ್ಲಾ ಸೇರಿ ಆಗಲೇ ಐದು ವರ್ಷವಾಗಿತ್ತು. ಆ ಐದು ವರ್ಷದಲ್ಲಿ ಮೊದಲ ತಂಡಕ್ಕಾಗಿ ಅವರು ಆಡಿದ್ದು ಎಷ್ಟು ಪಂದ್ಯ ಗೊತ್ತೆ? ಒಂದು. ಅದೂ 1979ರ ಡಿಸೆಂಬರಿನಲ್ಲಿ. ಆಮೇಲೆ ಎರಡು ವರ್ಷದ ಮೇಲೆ ಐದು ತಿಂಗಳು ಅವರಿಗೆ ಕರೆ ಬಂದಿರಲಿಲ್ಲ. ಬರುವ ಹಾಗೂ ಇರಲಿಲ್ಲ. 1980-81ರಲ್ಲಿ ವಿಲ್ಲಾ ಇಂಗ್ಲಿಷ್ ಲೀಗ್ ಗೆದ್ದಾಗ ಇಡೀ ಋತುವಿನ 42 ಪಂದ್ಯಗಳಿಗೆ ಬಳಸಿದ್ದು ಬರೀ 14 ಆಟಗಾರರನ್ನು. ರಿಮ್ಮರ್ ಒಂದೂ ಪಂದ್ಯ ತಪ್ಪಿಸಲಿಲ್ಲ. ಇಂಥವರ ಹಿಂದೆ ಎರಡನೆಯವನಾಗಿ ನಿಂತವನಿಗೆ ಬಾಗಿಲು ತೆರೆಯುವುದು ಯಾವಾಗ?

ಆ ರಾತ್ರಿ ತೆರೆಯಿತು. ಎದುರಿಗೆ ರಮ್ಮೆನಿಗೆ, ಬ್ರೈಟ್ನರ್ ಅವರಂಥ ಜರ್ಮನ್ ದಿಗ್ಗಜರು. ಬಯರ್ನ್ ಮೇಲಿಂದ ಮೇಲೆ ನುಗ್ಗಿತು, ಸ್ಪಿಂಕ್ ಹಿಡಿದರು, ತಳ್ಳಿದರು, ಕಾಲಿಗೆ ಬಿದ್ದು ತಡೆದರು. 67ನೇ ನಿಮಿಷದಲ್ಲಿ ಪೀಟರ್ ವಿದ್ ವಿಲ್ಲಾ ಪರ ಗೋಲು ಹೊಡೆದರು. ಒಂದಕ್ಕೆ ಸೊನ್ನೆ. ವಿಲ್ಲಾ ಯುರೋಪಿನ ಚಾಂಪಿಯನ್. ತನ್ನ ಎರಡನೇ ಪಂದ್ಯದಲ್ಲೇ ಆ ಹುಡುಗ ಯುರೋಪಿನ ಅತಿ ದೊಡ್ಡ ಕಪ್ ಗೆದ್ದುಬಿಟ್ಟ. ಮುಂದೆ ಅದೇ ವಿಲ್ಲಾಕ್ಕೆ ನಾನೂರಕ್ಕೂ ಹೆಚ್ಚು ಪಂದ್ಯ ಆಡಿದರು ಸ್ಪಿಂಕ್.

ಈ ಕತೆ ಹೇಳುವಾಗಲೆಲ್ಲ ನನ್ನ ಮನಸ್ಸು ಸ್ಪಿಂಕ್‌ಗಿಂತ ಹೆಚ್ಚಾಗಿ ರಿಮ್ಮರ್ ಕಡೆ ಹೋಗುತ್ತದೆ. ಯಾಕೆಂದರೆ 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇದೇ ಯುರೋಪಿಯನ್ ಕಪ್ ಗೆದ್ದಾಗ ಆ ತಂಡದ ಬೆಂಚಿನಲ್ಲಿ ಕೂತಿದ್ದ ಎರಡನೇ ಗೋಲ್‌ಕೀಪರ್ ಇದೇ ರಿಮ್ಮರ್. ಅಂದು ಒಂದು ನಿಮಿಷವೂ ಆಡದೆ ಪದಕ ಬಂತು. 14 ವರ್ಷದ ಮೇಲೆ ಒಂಬತ್ತು ನಿಮಿಷ ಆಡಿ ಇನ್ನೊಂದು ಪದಕ ಬಂತು. ಬೆಂಚಿನಿಂದ ಎದ್ದುಹೋಗುತ್ತಿದ್ದ ಆ ಹುಡುಗನ ಎದೆಬಡಿತ ಹೇಗಿರುತ್ತದೆಂದು ಆ ಮೈದಾನದಲ್ಲಿ ರಿಮ್ಮರ್‌ಗಿಂತ ಚೆನ್ನಾಗಿ ಬಲ್ಲವರು ಇನ್ನಾರಿದ್ದಾರು?

ಕೇಳುಗರೇ, ಇಂದು ನಾನು ಮಾತಾಡಬೇಕೆಂದಿರುವುದು ಇಂಗ್ಲಿಷ್ ಫುಟ್‌ಬಾಲಿನ ಈ ಎರಡನೇ ಗೋಲ್‌ಕೀಪರ್‌ಗಳ ಬಗ್ಗೆ. ಕಾಲೇಜಿನಲ್ಲಿ ಎರಡು ವರ್ಷ ನಾನೂ ಇಂಥದೇ ಜಾಗದಲ್ಲಿದ್ದೆ. ಬಸ್ಸಿನಲ್ಲಿ ಹೋಗುತ್ತಿದ್ದೆ, ಕೈಗವಸು ತೊಟ್ಟು ಕೂರುತ್ತಿದ್ದೆ, ಸಂಜೆ ತೊಟ್ಟ ಕೈಗವಸನ್ನು ಹಾಗೇ ಬಿಚ್ಚಿ ಚೀಲಕ್ಕೆ ಹಾಕಿ ಮನೆಗೆ ಬರುತ್ತಿದ್ದೆ. ನಮ್ಮದು ಹುಡುಗಾಟದ ಮಟ್ಟ. ಆದರೆ ಇದನ್ನೇ ಇಪ್ಪತ್ತು ವರ್ಷ ಹೊಟ್ಟೆಪಾಡಾಗಿ, ಬದುಕಾಗಿ ಮಾಡಿದವರಿದ್ದಾರೆ. ಅವರ ಮೇಲೆ ನನಗೆ ಆಗಿನಿಂದಲೂ ವಿಶೇಷ ಗೌರವ.

ಮೊದಲು ಈ ಜಾಗ ಹುಟ್ಟಿದ್ದು ಹೇಗೆಂದು ಸ್ವಲ್ಪ ನೋಡೋಣ. ಬಹಳ ಕಾಲ ಇಂಗ್ಲಿಷ್ ಫುಟ್‌ಬಾಲಿನಲ್ಲಿ ಬದಲಿ ಆಟಗಾರ ಎಂಬುದೇ ಇರಲಿಲ್ಲ. ಗೋಲ್‌ಕೀಪರ್‌ಗೆ ಪೆಟ್ಟಾದರೆ ಒಂದೋ ಅವನೇ ಹಲ್ಲುಕಚ್ಚಿ ನಿಲ್ಲಬೇಕು, ಇಲ್ಲವೇ ತಂಡದ ಇನ್ನೊಬ್ಬ ಆ ಅಂಗಿ ತೊಟ್ಟು ಗೋಲಿನೊಳಗೆ ನಿಲ್ಲಬೇಕು. ಇಂಗ್ಲೆಂಡಿನ ಹಳೆಯ ನಾಕೌಟ್ ಟೂರ್ನಿಯಾದ ಎಫ್ಎ ಕಪ್‌ನ 1956ರ ಫೈನಲಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಬರ್ಟ್ ಟ್ರೌಟ್‌ಮನ್ ಕತ್ತಿನ ಮೂಳೆ ಮುರಿದಿದ್ದರೂ ಕೊನೆಯವರೆಗೆ ಆಡಿದರು. ಮೂಳೆ ಮುರಿದಿದೆ ಎಂದು ತಿಳಿದದ್ದೇ ಕೆಲವು ದಿನ ಕಳೆದ ಮೇಲೆ. ಮರುವರ್ಷದ ಫೈನಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರೇ ವುಡ್ ಆರನೇ ನಿಮಿಷಕ್ಕೇ ಡಿಕ್ಕಿಯಲ್ಲಿ ಕೆನ್ನೆಮೂಳೆ ಮುರಿದುಕೊಂಡರು. ಹಾಫ್‌ಬ್ಯಾಕ್ ಜಾಕಿ ಬ್ಲಾಂಚ್‌ಫ್ಲವರ್ ಗೋಲಿಗೆ ನಿಂತರು. ಪಂದ್ಯ ಕೈತಪ್ಪಿತು. ಲೀಗ್ ಪಂದ್ಯಗಳಿಗೆ ಒಬ್ಬ ಬದಲಿ ಆಟಗಾರನನ್ನು ಬಿಟ್ಟುಕೊಂಡದ್ದು 1965ರಲ್ಲಿ. ಇರುವುದು ಒಂದೇ ಜಾಗ ಎಂದಮೇಲೆ ಅದನ್ನು ಗೋಲ್‌ಕೀಪರ್‌ಗೆ ಕೊಡುವವರು ವಿರಳ. ಸ್ಪಿಂಕ್ ಕಾಲದಲ್ಲಿ ಎರಡನೇ ಗೋಲ್‌ಕೀಪರ್ ಶನಿವಾರಗಳಂದು ಮೀಸಲು ತಂಡದ ಪಂದ್ಯ ಆಡುತ್ತಿದ್ದ, ಲೀಗ್ ಪಂದ್ಯಗಳ ಬೆಂಚಿಗೂ ಬರುತ್ತಿರಲಿಲ್ಲ. ಆಮೇಲೆ ಬೆಂಚು ಉದ್ದವಾಯಿತು, ಅವನಿಗೂ ಒಂದು ಕುರ್ಚಿ ಸಿಕ್ಕಿತು. ಈಗ ಇಂಗ್ಲೆಂಡಿನ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿ ಒಂಬತ್ತು ಮಂದಿ ಬೆಂಚಿನಲ್ಲಿ ಕೂರುತ್ತಾರೆ.

ಆದರೆ ಕುರ್ಚಿ ಸಿಕ್ಕಿದ್ದರಲ್ಲೂ ಒಂದು ನಷ್ಟವಿದೆ ಎನ್ನುತ್ತೇನೆ. ಮೀಸಲು ತಂಡದಲ್ಲಿ ಆಡುವವನಿಗೆ ಪಂದ್ಯವಾದರೂ ಇತ್ತು, ಬೆಂಚಿನವನಿಗೆ ಅದೂ ಇಲ್ಲ. ಗೋಲ್‌ಕೀಪರ್‌ಗೆ ಪಂದ್ಯವೆಂದರೆ ಬೇಸಾಯಗಾರನಿಗೆ ಮಳೆಯಿದ್ದ ಹಾಗೆ. ಅಭ್ಯಾಸದಲ್ಲಿ ಚೆಂಡು ಹಿಡಿಯಬಹುದು, ಹಾರಬಹುದು, ಬೀಳಬಹುದು. ಆದರೆ ಕಾರ್ನರಿನಿಂದ ತೇಲಿ ಬರುವ ಚೆಂಡಿಗೆ ಹತ್ತು ಮೈಗಳ ನೂಕಾಟದ ನಡುವೆ ಹೊರಗೆ ಬರಬೇಕೋ, ಗೆರೆಯ ಮೇಲೇ ನಿಲ್ಲಬೇಕೋ ಎಂಬ ತೀರ್ಮಾನ ಅರೆಕ್ಷಣದ್ದು. ಅದು ಪಂದ್ಯದಲ್ಲಿ ಮಾತ್ರ ಪಳಗುವಂಥದು. ಆರು ತಿಂಗಳು ಆಡದವನ ಕಣ್ಣಿನ ಅಳತೆ ಒಂದು ಹೆಜ್ಜೆ ಆಚೀಚೆ ಆಗುತ್ತದೆ. ಗೋಲು ಹೊಡೆಯುವ ಮುಂಚೂಣಿ ಆಟಗಾರ ಆ ಒಂದು ಹೆಜ್ಜೆ ತಪ್ಪಿದರೆ ಗೋಲು ತಪ್ಪುತ್ತದೆ, ಜನ ಮರೆಯುತ್ತಾರೆ. ಗೋಲ್‌ಕೀಪರ್ ತಪ್ಪಿದರೆ ಮರುದಿನದ ಪತ್ರಿಕೆಯ ಮೊದಲ ಪುಟ.

ಹಾಗಾದರೆ ವಾರವಿಡೀ ಇವರು ಮಾಡುವುದೇನು? ಪಂದ್ಯಕ್ಕೆ ಮುಕ್ಕಾಲು ಗಂಟೆ ಮುಂಚೆ ಟಿವಿಯಲ್ಲಿ ಮೈದಾನ ತೋರಿಸುವಾಗ ಗಮನಿಸಿ. ಉಳಿದವರಿಗಿಂತ ಮೊದಲೇ ಗೋಲ್‌ಕೀಪರ್‌ಗಳು ತಮ್ಮ ಕೋಚ್ ಜೊತೆ ಹೊರಗೆ ಬರುತ್ತಾರೆ. ಮೊದಲನೆಯವನು ಗೋಲಿನಲ್ಲಿ ನಿಲ್ಲುತ್ತಾನೆ. ಎರಡನೆಯವನು ಎದುರಿಗೆ ನಿಂತು ಚೆಂಡು ಕೊಡುತ್ತಾನೆ. ಮೊದಲು ಮೆಲ್ಲಗೆ, ನೇರ ಎದೆಗೆ, ಕೈಗೆ ಚೆಂಡಿನ ರುಚಿ ಹತ್ತಲಿ ಎಂದು. ಆಮೇಲೆ ನೆಲಕ್ಕೆ ಉಜ್ಜಿಕೊಂಡು ಎಡಕ್ಕೊಂದು, ಬಲಕ್ಕೊಂದು. ಆಮೇಲೆ ಪಕ್ಕದಿಂದ ಎತ್ತರಕ್ಕೆ. ಚೆಂಡು ಕಷ್ಟವಾಗಿರಬೇಕು, ಆದರೆ ಆತ್ಮವಿಶ್ವಾಸ ಕುಸಿಯುವಷ್ಟು ಕಷ್ಟವಾಗಿರಬಾರದು. ಆ ಹದ ಬಲ್ಲವನು ಇನ್ನೊಬ್ಬ ಗೋಲ್‌ಕೀಪರ್ ಮಾತ್ರ. ಕೊನೆಗೆ ಬೆನ್ನು ತಟ್ಟಿ ಒಳಗೆ ಕಳಿಸುತ್ತಾನೆ. ಯಾರು ಸೋತರೆ ತನಗೆ ಅವಕಾಶವೋ, ಅವನನ್ನೇ ಗೆಲ್ಲಲು ಅಣಿಗೊಳಿಸಿ ಕಳಿಸುತ್ತಾನೆ. ಪ್ರತಿ ವಾರ. ಫುಟ್‌ಬಾಲಿನ ಬೇರೆ ಯಾವ ಜಾಗದಲ್ಲೂ ನಾನು ಇಂಥದನ್ನು ಕಂಡಿಲ್ಲ.

ಈಗ ಸ್ಟೀವ್ ಹಾರ್ಪರ್ ಅವರ ಮಾತಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಈ ಭಾಷಣವನ್ನು ಬರೆಯಲು ಕೂತದ್ದೇ ಇವರಿಗಾಗಿ.

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಈಸಿಂಗ್ಟನ್ ಎಂಬ ಊರಿದೆ. ಕಲ್ಲಿದ್ದಲು ಗಣಿಯ ಊರು. ಹಾರ್ಪರ್ ಹುಟ್ಟಿದ್ದು ಅಲ್ಲಿ, 1975ರಲ್ಲಿ. ಸೀಹ್ಯಾಮ್ ರೆಡ್ ಸ್ಟಾರ್ ಎಂಬ ಸಣ್ಣ ಸ್ಥಳೀಯ ಕ್ಲಬ್ಬಿನಿಂದ 1993ರಲ್ಲಿ ನ್ಯೂಕಾಸಲ್ ಯುನೈಟೆಡ್‌ಗೆ ಬಂದರು, 18ರ ವಯಸ್ಸಿನಲ್ಲಿ. ನ್ಯೂಕಾಸಲ್ ಎಂದರೆ ಆ ಸೀಮೆಯವರಿಗೆ ಬರೀ ಕ್ಲಬ್ ಅಲ್ಲ, ಮನೆದೇವರು. ಆದರೆ ಮುಂದಿನ ಸಾಲಿನಲ್ಲಿ ಪಾವೆಲ್ ಸ್ರ್ನಿಚೆಕ್ ಇದ್ದರು. 1995ರಲ್ಲಿ ಶಾಕಾ ಹಿಸ್ಲಾಪ್ ಬಂದರು. 1997ರಲ್ಲಿ ಐರ್ಲೆಂಡಿನ ಶೇ ಗಿವನ್ ಬಂದರು. ಹಾರ್ಪರ್ ಬ್ರಾಡ್‌ಫೋರ್ಡ್, ಹಾರ್ಟ್ಲ್‌ಪೂಲ್, ಹಡರ್ಸ್‌ಫೀಲ್ಡ್ ಎಂದು ಒಂದೊಂದು ಕ್ಲಬ್ಬಿಗೆ ಎರವಲು ಹೋಗಿ ಬಂದರು. ನ್ಯೂಕಾಸಲ್‌ನ ಮೊದಲ ತಂಡದಲ್ಲಿ ಆಡಲು ಐದು ವರ್ಷ ಕಾಯಬೇಕಾಯಿತು.

1998-99ರ ಋತುವಿನಲ್ಲಿ ಗಾಳಿ ಅವರ ಕಡೆ ಬೀಸಿತು. ಎಫ್ಎ ಕಪ್ ಫೈನಲಿಗೆ ತಂಡ ಮುಟ್ಟಿದಾಗ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಗೋಲಿಗೆ ನಿಂತವರು ಗಿವನ್ ಅಲ್ಲ, ಹಾರ್ಪರ್. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್, ಆ ವರ್ಷ ಲೀಗ್, ಎಫ್ಎ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದ ತಂಡ. ಚಾಂಪಿಯನ್ಸ್ ಲೀಗ್ ಎಂದರೆ ಹಿಂದಿನ ಯುರೋಪಿಯನ್ ಕಪ್ಪಿನ ಹೊಸ ಹೆಸರು. ನ್ಯೂಕಾಸಲ್ ಎರಡು ಗೋಲುಗಳಿಂದ ಸೋತಿತು. ಸೋತರೇನು, 24ರ ಹುಡುಗನಿಗೆ ಮುಂದಿನ ದಾರಿ ತೆರೆದ ಹಾಗೆ ಕಂಡಿತ್ತು. ತೆರೆಯಲಿಲ್ಲ. ಸ್ವಲ್ಪ ಕಾಲದಲ್ಲೇ ಗಿವನ್ ಆ ಜಾಗವನ್ನು ಮತ್ತೆ ಹಿಡಿದರು, ಹಿಡಿದು ಬಿಡಲಿಲ್ಲ. ನ್ಯೂಕಾಸಲ್‌ಗಾಗಿ 460ಕ್ಕೂ ಹೆಚ್ಚು ಪಂದ್ಯ ಆಡಿದ ಮಹಾ ಗೋಲ್‌ಕೀಪರ್ ಅವರು. ಹಾರ್ಪರ್ ಬೇರೆ ಯಾವುದೇ ಕ್ಲಬ್ಬಿನಲ್ಲಿದ್ದರೆ ಮೊದಲನೆಯವರಾಗಿರುತ್ತಿದ್ದರು ಎಂದು ಬಲ್ಲವರು ಹೇಳುತ್ತಲೇ ಇದ್ದರು. ಹಾರ್ಪರ್ ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ ಕೆಲವರು ಥಟ್ಟನೆ ಉತ್ತರ ಕೊಡುತ್ತಾರೆ: ಕೂತಲ್ಲೇ ಸಂಬಳ ಬರುತ್ತದಲ್ಲ! ಈ ಮಾತು ನನಗೆ ಒಪ್ಪಿಗೆಯಿಲ್ಲ. ಪ್ರೀಮಿಯರ್ ಲೀಗಿನ ಸಂಬಳ ದೊಡ್ಡದು, ನಿಜ. ಆದರೆ ಸಂಬಳಕ್ಕಾಗಿ ಮಾತ್ರ ಇರುವವನು ವರ್ಷಕ್ಕೆ ನಾಲ್ಕೈದು ಪಂದ್ಯಕ್ಕಾಗಿ ದಿನಾ ಬೆಳಿಗ್ಗೆ ಕೆಸರಿನಲ್ಲಿ ನೂರಾರು ಸಲ ಬಿದ್ದು ಏಳುವುದಿಲ್ಲ. ಎದ್ದರೂ ಕರೆ ಬಂದ ದಿನ ಬಣ್ಣ ಬಯಲಾಗುತ್ತದೆ. ಹಾರ್ಪರ್‌ಗೆ ಕರೆ ಬಂದಾಗ ಏನಾಯಿತು ನೋಡಿ.

2009ರ ಫೆಬ್ರವರಿಯಲ್ಲಿ ಗಿವನ್ ಮ್ಯಾಂಚೆಸ್ಟರ್ ಸಿಟಿಗೆ ಹೊರಟರು. ಹಾರ್ಪರ್‌ಗೆ ಆಗ 33 ತುಂಬಿ 34 ಹತ್ತಿರ. ಸಿಕ್ಕಿದ್ದು ಮುಳುಗುತ್ತಿದ್ದ ಹಡಗು. ಆ ಮೇ ತಿಂಗಳಲ್ಲಿ ನ್ಯೂಕಾಸಲ್ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ತಾರೆಯರು ಒಬ್ಬೊಬ್ಬರಾಗಿ ಕ್ಲಬ್ ಬಿಟ್ಟರು. ಕೆಳಗಿನ ದರ್ಜೆಯಲ್ಲಿ, ಮಳೆ ಚಳಿಯಲ್ಲಿ, ಸಣ್ಣ ಸಣ್ಣ ಊರುಗಳ ಮೈದಾನದಲ್ಲಿ 46 ಪಂದ್ಯಗಳ ಉದ್ದನೆಯ ಋತು. ಬಹುತೇಕ ಎಲ್ಲದರಲ್ಲೂ ಗೋಲಿನಲ್ಲಿ ನಿಂತವರು ಹಾರ್ಪರ್. 46 ಪಂದ್ಯದಲ್ಲಿ ತಂಡ ಬಿಟ್ಟುಕೊಟ್ಟದ್ದು 35 ಗೋಲು. ತಂದದ್ದು 102 ಅಂಕ. ತವರಿನಲ್ಲಿ ಒಂದೂ ಸೋಲಿಲ್ಲ. ಚಾಂಪಿಯನ್ನರಾಗಿ ನ್ಯೂಕಾಸಲ್ ಮೇಲೆ ಬಂತು. ಹನ್ನೊಂದು ವರ್ಷ ಹೆಚ್ಚುಕಮ್ಮಿ ನೆರಳಿನಲ್ಲಿದ್ದವರ ಕೈ ತುಕ್ಕು ಹಿಡಿದಿರಲಿಲ್ಲ. ಗಿವನ್‌ಗೆ ಚೆಂಡು ಕೊಡುತ್ತ ನಿಂತಿದ್ದ ಆ ಬೆಳಗುಗಳೆಲ್ಲ ಎಲ್ಲಿ ಹೋಗಿದ್ದವು ಎಂದು ಆ ವರ್ಷ ಗೊತ್ತಾಯಿತು.

ಸುಖ ಬಹಳ ದಿನ ಉಳಿಯಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಎವರ್ಟನ್ ವಿರುದ್ಧ ಪೆಟ್ಟಾಯಿತು. ಒಳಗೆ ಬಂದವರು ಡಚ್ ಯುವಕ ಟಿಮ್ ಕ್ರುಲ್. ಅಂದರೆ ಹಾರ್ಪರ್ ಅವರ ಹಿಂದೆ ನಿಂತು ಕಾಯುತ್ತಿದ್ದವರು. ಮುಂದಿನ ಋತುವಿನ ಹೊತ್ತಿಗೆ ಕ್ರುಲ್ ಮೊದಲನೆಯವರಾದರು, ಹಾರ್ಪರ್ ಮತ್ತೆ ಹಳೆಯ ಕುರ್ಚಿಗೆ ಮರಳಿದರು. 2013ರಲ್ಲಿ ಕ್ಲಬ್ ಬಿಟ್ಟರು. 20 ವರ್ಷ, 199 ಪಂದ್ಯ. ಇನ್ನೊಂದು ಆಡಿದ್ದರೆ ಇನ್ನೂರು ಆಗುತ್ತಿತ್ತಲ್ಲ ಎಂದು ಈ ಅಂಕಿ ನೋಡಿದಾಗಲೆಲ್ಲ ನನ್ನ ಜೀವ ಚುರ್ ಎನ್ನುತ್ತದೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಅವರ ಗೌರವಾರ್ಥ ನ್ಯೂಕಾಸಲ್‌ನ ತವರು ಮೈದಾನವಾದ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಒಂದು ಪಂದ್ಯ ಏರ್ಪಾಡಾಯಿತು. ನ್ಯೂಕಾಸಲ್‌ನ ಹಳೆಯ ಆಟಗಾರರು ಒಂದು ಕಡೆ, ಇಟಲಿಯ ಮಿಲಾನ್ ಕ್ಲಬ್ಬಿನ ಹಳೆಯ ಆಟಗಾರರು ಇನ್ನೊಂದು ಕಡೆ. ಬರೀ ಬೀಳ್ಕೊಡುಗೆಯ ಪಂದ್ಯ, ಅಂಕವಿಲ್ಲ, ಕಪ್ಪಿಲ್ಲ, ಅದೂ ವಾರದ ನಡುವಿನ ಸಂಜೆ. ಬಂದವರು 50,000ಕ್ಕೂ ಹೆಚ್ಚು ಜನ. ತಮ್ಮ ಹುಡುಗ ಎಷ್ಟು ಪಂದ್ಯ ಆಡಿದ ಎಂದು ಆ ಊರು ಎಣಿಸುತ್ತಾ ಕೂತಿರಲಿಲ್ಲ. ಮುಂದೆ ಅದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಮಕ್ಕಳನ್ನು ತಯಾರು ಮಾಡುವ ಹೊಣೆ ಹೊತ್ತು ಹಾರ್ಪರ್ ಮರಳಿ ಬಂದರು.

ಎರಡನೆಯವನ ಪಾಡು ಇದಾದರೆ ಮೂರನೆಯವನದು? 2006ರ ಅಕ್ಟೋಬರ್ 14ರಂದು ರೆಡಿಂಗ್ ಊರಿನಲ್ಲಿ ಚೆಲ್ಸಿಯ ಪಂದ್ಯ. ಆಟ ಆರಂಭವಾಗುತ್ತಲೇ ಚೆಲ್ಸಿಯ ಮೊದಲ ಗೋಲ್‌ಕೀಪರ್ ಪೀಟರ್ ಚೆಕ್ ಅವರ ತಲೆಗೆ ಎದುರಾಳಿಯ ಮಂಡಿ ಬಡಿದು ಬುರುಡೆ ಬಿರಿಯಿತು. ಬದಲಿಗೆ ಬಂದ ಕಾರ್ಲೊ ಕುಡಿಚಿನಿ ಕೊನೆಯ ಗಳಿಗೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಉಳಿದ ಕ್ಷಣಗಳಿಗೆ ನಾಯಕ ಜಾನ್ ಟೆರಿ ಗೋಲ್‌ಕೀಪರ್ ಅಂಗಿ ತೊಟ್ಟರು. ನಾಲ್ಕೇ ದಿನಕ್ಕೆ ಬಾರ್ಸಿಲೋನಾ ಎದುರು ಚಾಂಪಿಯನ್ಸ್ ಲೀಗ್ ಪಂದ್ಯ. ಮೂರನೆಯವರಾದ ಇಲಾರಿಯೊ ನಿಂತರು. ಚೆಲ್ಸಿ ಒಂದು ಗೋಲಿನಿಂದ ಗೆದ್ದಿತು.

ಆದರೆ ಮೂರನೇ ಗೋಲ್‌ಕೀಪರ್ ಎಂದಾಗ ನನ್ನ ಕಣ್ಣ ಮುಂದೆ ಬರುವುದು 2012ರ ಏಪ್ರಿಲ್ 10, ಬ್ಲ್ಯಾಕ್‌ಬರ್ನ್ ಊರಿನ ಈವುಡ್ ಪಾರ್ಕ್. ಲಿವರ್‌ಪೂಲ್‌ನ ಮೊದಲ ಗೋಲ್‌ಕೀಪರ್ ಪೆಪೆ ರೇಯ್ನಾ ನಿಷೇಧದಲ್ಲಿದ್ದರು. ಎರಡನೆಯ ಡೋನಿ ಆಡುತ್ತಿದ್ದರು. ಮೊದಲರ್ಧದಲ್ಲೇ ಡೋನಿಗೆ ಕೆಂಪು ಕಾರ್ಡು, ಬ್ಲ್ಯಾಕ್‌ಬರ್ನ್‌ಗೆ ಪೆನಾಲ್ಟಿ. ಮೂರನೆಯವರು ಆಸ್ಟ್ರೇಲಿಯದ ಬ್ರ್ಯಾಡ್ ಜೋನ್ಸ್. ಹಿಂದಿನ ನವೆಂಬರಿನಲ್ಲಷ್ಟೇ ಅವರು ತಮ್ಮ ಐದು ವರ್ಷದ ಮಗನನ್ನು ರಕ್ತದ ಕ್ಯಾನ್ಸರಿಗೆ ಕಳೆದುಕೊಂಡಿದ್ದರು. ಮೈ ಬಿಸಿಯಾಗಿಲ್ಲ, ಚೆಂಡು ಮುಟ್ಟಿಲ್ಲ. ನೇರವಾಗಿ ಹೋಗಿ ಗೆರೆಯ ಮೇಲೆ ನಿಲ್ಲಬೇಕು. ಹನ್ನೆರಡು ಗಜದಾಚೆ ಯಾಕುಬು ಚೆಂಡನ್ನು ಸರಿಮಾಡಿ ಇಡುತ್ತಿದ್ದಾರೆ. ಯಾಕುಬು ಹೊಡೆದರು, ಜೋನ್ಸ್ ತಡೆದರು. ಎದ್ದು ನಿಂತು ಆಕಾಶದ ಕಡೆ ಬೆರಳೆತ್ತಿದರು. ಆ ಬೆರಳು ಯಾರಿಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಲಿವರ್‌ಪೂಲ್ ಆ ಪಂದ್ಯವನ್ನು ಮೂರು-ಎರಡರಿಂದ ಗೆದ್ದಿತು. ನಾಲ್ಕು ದಿನದ ಮೇಲೆ ವೆಂಬ್ಲಿಯಲ್ಲಿ ಎವರ್ಟನ್ ವಿರುದ್ಧದ ಎಫ್ಎ ಕಪ್ ಸೆಮಿಫೈನಲಿಗೂ ಜೋನ್ಸ್ ಅವರೇ ನಿಂತರು, ಅದನ್ನೂ ಲಿವರ್‌ಪೂಲ್ ಗೆದ್ದಿತು.

ಇತ್ತೀಚೆಗೆ ಇಂಥವರಿಗೆ ಇನ್ನೊಂದು ದಾರಿಯೂ ತೆರೆದಿದೆ. ಲೀಗ್ ಕಪ್ ಪಂದ್ಯಗಳನ್ನು ಎರಡನೆಯವರಿಗೇ ಬಿಟ್ಟುಕೊಡುವ ವಾಡಿಕೆ ಬೆಳೆದಿದೆ. 2022ರ ಫೆಬ್ರವರಿ 27ರ ಫೈನಲ್ ನಾನು ರಾತ್ರಿ ನಿದ್ದೆಗೆಟ್ಟು ನೋಡಿದ್ದೆ. ಲಿವರ್‌ಪೂಲ್‌ನ ಗೋಲಿನಲ್ಲಿ ಐರ್ಲೆಂಡಿನ ಕ್ವೀವೀನ್ ಕೆಲೆಹರ್. ಪಂದ್ಯ ಸಮನಾಗಿ ಪೆನಾಲ್ಟಿ ಹೊಡೆತಗಳಿಂದ ತೀರ್ಮಾನವಾಗಬೇಕಾಯಿತು. ಎದುರಾಳಿ ಚೆಲ್ಸಿಯವರು ಪೆನಾಲ್ಟಿಗಾಗಿಯೇ ಕೊನೆಯಲ್ಲಿ ತಮ್ಮ ಎರಡನೆಯವರಾದ ಕೆಪಾ ಅವರನ್ನು ಇಳಿಸಿದರು. ಎರಡೂ ತಂಡದ ಹತ್ತು ಹತ್ತು ಮಂದಿ ಹೊಡೆದರು, ಇಪ್ಪತ್ತೂ ಗೋಲು. ಉಳಿದವರು ಗೋಲ್‌ಕೀಪರ್‌ಗಳು ಇಬ್ಬರೇ. ಚಿಕ್ಕಂದಿನಲ್ಲಿ ಮುಂಚೂಣಿ ಆಟಗಾರನಾಗಿ ಆಡಿದ್ದ ಕೆಲೆಹರ್ ಅಳುಕದೆ ಹೊಡೆದು ಗೋಲು ಮಾಡಿದರು. ಕೆಪಾ ಹೊಡೆದದ್ದು ಗೋಲಿನ ಮೇಲಿಂದ ಹಾರಿಹೋಯಿತು. ಅವರ ಮುಖ ನೋಡಲಾಗಲಿಲ್ಲ ನನಗೆ.

ಇನ್ನು ಸ್ಕಾಟ್ ಕಾರ್ಸನ್ ಅವರನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. 2007ರ ನವೆಂಬರ್ 21, ಇಂಗ್ಲೆಂಡ್ ಮತ್ತು ಕ್ರೊಯೇಷಿಯಾ ನಡುವಿನ ಪಂದ್ಯ, ಮಳೆಯಲ್ಲಿ ತೊಯ್ದ ವೆಂಬ್ಲಿ. 22 ವರ್ಷದ ಕಾರ್ಸನ್ ಮೊದಲ ಬಾರಿಗೆ ಇಂಥ ದೊಡ್ಡ ಅಂತರರಾಷ್ಟ್ರೀಯ ಪಂದ್ಯಕ್ಕೆ ನಿಂತಿದ್ದರು. ಎಂಟನೇ ನಿಮಿಷದಲ್ಲಿ ಕ್ರಾನ್‌ಚಾರ್ ದೂರದಿಂದ ಹೊಡೆದ ಚೆಂಡು ಮುಂದೆ ಪುಟಿದು ಅವರ ಕೈಗೆ ತಾಗಿ ಒಳಗೆ ಹೋಯಿತು. ಇಂಗ್ಲೆಂಡ್ ಮೂರು-ಎರಡರಿಂದ ಸೋತು ಯುರೋ ಟೂರ್ನಿಗೆ ಅರ್ಹತೆ ಪಡೆಯದೆ ಹೊರಬಿತ್ತು. ಮರುದಿನವೇ ತರಬೇತುದಾರರ ಕೆಲಸ ಹೋಯಿತು. ಆ ಒಂದು ಚೆಂಡನ್ನು ಕಾರ್ಸನ್ ಹೆಸರಿಗೆ ಜನ ಎಷ್ಟೋ ವರ್ಷ ಅಂಟಿಸಿಯೇ ಇಟ್ಟರು. ಅವರು ಆಟ ಬಿಡಲಿಲ್ಲ. ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ, ಟರ್ಕಿಗೂ ಹೋಗಿ ಆಡಿ, 2019ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮೂರನೇ ಗೋಲ್‌ಕೀಪರ್ ಆದರು.

ಸಿಟಿಯಂಥ ಶ್ರೀಮಂತ ಕ್ಲಬ್ಬಿಗೆ ಇವರು ಯಾಕೆ ಬೇಕಾಯಿತು? ಅದಕ್ಕೊಂದು ಲೆಕ್ಕಾಚಾರವಿದೆ. 2010ರಿಂದ ಪ್ರೀಮಿಯರ್ ಲೀಗಿನ 25 ಮಂದಿಯ ಪಟ್ಟಿಯಲ್ಲಿ ಹೊರಗೆ ಪಳಗಿದವರು 17ಕ್ಕಿಂತ ಹೆಚ್ಚಿರುವಂತಿಲ್ಲ. ಮಿಕ್ಕವರು ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್ಬುಗಳಲ್ಲಿ ಬೆಳೆದವರಾಗಿರಬೇಕು. ಹಾಗಾಗಿ ಅನುಭವಿ ಇಂಗ್ಲಿಷ್ ಗೋಲ್‌ಕೀಪರ್‌ಗೆ ಮೂರನೇ ಜಾಗದಲ್ಲಿ ಒಳ್ಳೆಯ ಬೆಲೆ ಬಂತು. ಇದೇ ಸಿಟಿಯಲ್ಲಿ ರಿಚರ್ಡ್ ರೈಟ್ 2012ರಿಂದ 2016ರವರೆಗೆ ನಾಲ್ಕು ಋತು ಇದ್ದರು, ಒಂದೂ ಪಂದ್ಯ ಆಡಲಿಲ್ಲ. ಲೆಕ್ಕಾಚಾರ ತಂದು ಕೂರಿಸಬಹುದು, ಉಳಿಸಿಕೊಳ್ಳುವುದು ಕೆಲಸ. ಕಾರ್ಸನ್ ಅವರನ್ನು ಸಿಟಿ ವರ್ಷ ವರ್ಷವೂ ಉಳಿಸಿಕೊಂಡಿತು.

ಆರು ವರ್ಷದಲ್ಲಿ ಅವರು ಆಡಿದ್ದು ಎರಡು ಪಂದ್ಯ. 2021ರ ಮೇ ತಿಂಗಳಲ್ಲಿ ನ್ಯೂಕಾಸಲ್‌ನಲ್ಲಿ ಒಂದು. ಪ್ರೀಮಿಯರ್ ಲೀಗಿಗೆ ಅವರು ಮರಳಿದ್ದು ಹತ್ತು ವರ್ಷದ ಮೇಲೆ. ಪೆನಾಲ್ಟಿಯೊಂದನ್ನು ತಡೆದೂ ಬಿಟ್ಟರು, ಪುಟಿದ ಚೆಂಡು ಮಾತ್ರ ಗೋಲಾಯಿತು. ಇನ್ನೊಂದು 2022ರ ಮಾರ್ಚಿನಲ್ಲಿ, ಚಾಂಪಿಯನ್ಸ್ ಲೀಗಿನಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ ವಿರುದ್ಧ, ಬದಲಿಯಾಗಿ. ಆ ಟೂರ್ನಿಯಲ್ಲಿ ಅವರು ಹಿಂದೆ ಆಡಿದ್ದು 2005ರಲ್ಲಿ, 19ರ ಹುಡುಗನಾಗಿ ಲಿವರ್‌ಪೂಲ್‌ಗೆ. ನಡುವೆ ಸುಮಾರು 17 ವರ್ಷ.

2005ರ ಮೇ 25ರಂದು ಲಿವರ್‌ಪೂಲ್ ಚಾಂಪಿಯನ್ಸ್ ಲೀಗ್ ಗೆದ್ದ ರಾತ್ರಿ ಕಾರ್ಸನ್ ಬೆಂಚಿನಲ್ಲಿದ್ದರು. ಸ್ಥಳ ಇಸ್ತಾಂಬುಲ್‌ನ ಅತಾತುರ್ಕ್ ಕ್ರೀಡಾಂಗಣ. 2023ರ ಜೂನ್ 10ರಂದು ಮ್ಯಾಂಚೆಸ್ಟರ್ ಸಿಟಿ ಅದೇ ಕಪ್ ಗೆದ್ದಾಗಲೂ ಅವರು ಬೆಂಚಿನಲ್ಲಿದ್ದರು, ಅದೇ ಊರು, ಅದೇ ಕ್ರೀಡಾಂಗಣ. ಮೊದಲ ಸಲ ಬಂದಾಗ ವಯಸ್ಸು 19, ಎರಡನೇ ಸಲ 37. ಎರಡು ರಾತ್ರಿಯೂ ಬೆಂಚಿನಿಂದ ಆಚೆ ಕರೆ ಬರಲಿಲ್ಲ. ಎರಡು ರಾತ್ರಿಯೂ ಅವರು ಕೊರಳಿಗೆ ಪದಕ ಹಾಕಿಕೊಂಡು ಮನೆಗೆ ಹೋದರು.

ನಮಸ್ಕಾರ.